ಬಾಯಿಮಾತಿನ ಅನುಮೋದನೆ: ಅಮೆರಿಕದ ಜನಾಭಿಪ್ರಾಯ ಸಮೀಕ್ಷೆಗಳು ಹೇಳುವುದೇನು?

ದಶಲಕ್ಷಣ ಪರ್ವದ ವ್ಯಾಖ್ಯಾನಮಾಲೆಗಳಲ್ಲಿ, ಬಸದಿಗಳ ವಾರ್ಷಿಕೋತ್ಸವದ ಸಭೆಗಳಲ್ಲಿ, ಯುವಜನರ ಸಂಸ್ಕಾರ ಶಿಬಿರಗಳಲ್ಲಿ ಅಮೆರಿಕವೆಂಬ ದೇಶವು ಎರಡು ವೇಷಗಳಲ್ಲಿ ಪ್ರವೇಶಿಸುವುದು ವಾಡಿಕೆಯಾಗಿಬಿಟ್ಟಿದೆ. ಒಬ್ಬ ಭಾಷಣಕಾರರ ಬಾಯಲ್ಲಿ ಅದು ಅಧಃಪತನದ ದೃಷ್ಟಾಂತ. ಗಾಂಜಾ ಸೇವನೆ ಕಾನೂನುಬದ್ಧವಾಗಲಿ ಎನ್ನುವವರು 1969ರಲ್ಲಿ ಶೇ. 12 ಮಾತ್ರ ಇದ್ದರು, 2023ರಲ್ಲಿ ಶೇ. 70, ಚರ್ಚು ಮೊದಲಾದ ಧಾರ್ಮಿಕ ಸಂಸ್ಥೆಗಳ ಸದಸ್ಯರೆಂದು ಹೇಳಿಕೊಳ್ಳುವವರು 1999ರಲ್ಲಿ ಶೇ. 70, 2020ರಲ್ಲಿ ಶೇ. 47, ಸಲಿಂಗಿಗಳ ವಿವಾಹಕ್ಕೆ ಮಾನ್ಯತೆ ಇರಲಿ ಎನ್ನುವವರು 1996ರಲ್ಲಿ ಶೇ. 27, 2023ರಲ್ಲಿ ಶೇ. 71. ಇಷ್ಟನ್ನು ಓದಿ ಹೇಳಿ, ಕಡಲಾಚೆಗೆ ಮಕ್ಕಳನ್ನು ಕಳುಹಿಸಿರುವ ತಂದೆತಾಯಿಗಳತ್ತ ಅವರು ಅರ್ಥಪೂರ್ಣವಾಗಿ ನೋಡುತ್ತಾರೆ. ಇನ್ನೊಬ್ಬ ಭಾಷಣಕಾರರ ಬಾಯಲ್ಲಿ ಅದೇ ದೇಶ ಅಹಿಂಸಾಧರ್ಮದ ಹೊಸ್ತಿಲಿಗೆ ಬಂದು ನಿಂತಿದೆ. ಪ್ರಾಣಿಗಳಿಗೂ ಮನುಷ್ಯರಷ್ಟೇ ಹಕ್ಕಿರಬೇಕು ಎನ್ನುವವರು 2008ರಲ್ಲಿ ಶೇ. 25, 2015ರಲ್ಲಿ ಶೇ. 32, ಆದುದರಿಂದ ಮಹಾವೀರರ ಸಂದೇಶವು ಪಶ್ಚಿಮವನ್ನು ಗೆಲ್ಲುತ್ತಿದೆ ಎಂದು ಅವರು ಸಭಿಕರಿಂದ ಚಪ್ಪಾಳೆ ಪಡೆಯುತ್ತಾರೆ.

ಈ ಅಂಕೆಗಳೆಲ್ಲ ಗ್ಯಾಲಪ್ ಸಂಸ್ಥೆಯವು, ಯಾವುದೂ ಸುಳ್ಳಲ್ಲ. ಸುಳ್ಳಿರುವುದು ಅವುಗಳಿಂದ ತೆಗೆಯುವ ತೀರ್ಮಾನದಲ್ಲಿ. ಇಬ್ಬರು ಭಾಷಣಕಾರರೂ ಒಂದೇ ತಪ್ಪನ್ನು ಎರಡು ದಿಕ್ಕಿನಿಂದ ಮಾಡುತ್ತಿದ್ದಾರೆ: ಜನರು ಬಾಯಲ್ಲಿ ಒಪ್ಪಿದ್ದನ್ನು ಜನರ ಚಾರಿತ್ರವೆಂದು ಎಣಿಸುತ್ತಿದ್ದಾರೆ. ರತ್ನತ್ರಯದಲ್ಲಿ ಚಾರಿತ್ರಕ್ಕೆ ಪ್ರತ್ಯೇಕ ಸ್ಥಾನವನ್ನಿತ್ತ ಧರ್ಮದ ಅನುಯಾಯಿಗಳಿಂದ ಈ ತಪ್ಪು ಆಗಬಾರದಾಗಿತ್ತು.

ಸಮೀಕ್ಷೆಯೆಂಬ ಉಪಕರಣ ಹೇಗೆ ಬಂತೆಂಬುದನ್ನು ಮೊದಲು ಸ್ವಲ್ಪ ತಿಳಿಯುವುದು ಲೇಸು. 1936ರ ಅಧ್ಯಕ್ಷ ಚುನಾವಣೆಯ ಮುನ್ನ ‘ಲಿಟರರಿ ಡೈಜೆಸ್ಟ್’ ಎಂಬ ಪತ್ರಿಕೆಯು ಸುಮಾರು ಒಂದು ಕೋಟಿ ಮತಪತ್ರಗಳನ್ನು ಅಂಚೆಯಲ್ಲಿ ಕಳುಹಿಸಿತು. 23 ಲಕ್ಷಕ್ಕೂ ಮಿಗಿಲಾದ ಉತ್ತರಗಳು ಬಂದವು. ಅವನ್ನು ಎಣಿಸಿ ಲ್ಯಾಂಡನ್ ಗೆಲ್ಲುವರೆಂದು ಪತ್ರಿಕೆ ಸಾರಿತು. ರೂಸ್‌ವೆಲ್ಟ್ 48 ರಾಜ್ಯಗಳಲ್ಲಿ 46ನ್ನು ಗೆದ್ದರು. ಟೆಲಿಫೋನ್ ಹಾಗೂ ಮೋಟಾರು ಕಾರು ಉಳ್ಳವರ ಪಟ್ಟಿಗಳಿಂದ ವಿಳಾಸಗಳನ್ನು ಆರಿಸಿದ್ದು, ಉತ್ತರಿಸುವ ಉತ್ಸಾಹ ಉಳ್ಳವರು ಮಾತ್ರ ಉತ್ತರಿಸಿದ್ದು ಈ ಅವಮಾನಕ್ಕೆ ಕಾರಣ. ಹಿಂದಿನ ವರ್ಷವಷ್ಟೇ ಸಂಸ್ಥೆ ಕಟ್ಟಿದ್ದ ಜಾರ್ಜ್ ಗ್ಯಾಲಪ್ ಅದಕ್ಕಿಂತ ಬಹು ಕಡಿಮೆ ಜನರನ್ನು, ಆದರೆ ಎಲ್ಲ ವರ್ಗಗಳಿಂದ ಆರಿಸಿ ಕೇಳಿ ಸರಿಯಾದ ಉತ್ತರ ಪಡೆದರು. ಪತ್ರಿಕೆ ಎರಡು ವರ್ಷಗಳಲ್ಲಿ ಮುಚ್ಚಿತು. ಸಭಾಭವನ ತುಂಬಿದ್ದರಿಂದ ಸಮಾಜವೆಲ್ಲ ತಮ್ಮ ಹಿಂದಿದೆ ಎಂದು ನಂಬುವ ಧರ್ಮದರ್ಶಿ ಮಂಡಳಿಗಳಿಗೂ ಈ ಕಥೆ ಉಪಯುಕ್ತ.

ಯಾರನ್ನು ಕೇಳಿದರು ಎಂಬುದಷ್ಟೇ ಪ್ರಶ್ನೆಯಲ್ಲ, ಏನೆಂದು ಕೇಳಿದರು ಎಂಬುದೂ ಅಷ್ಟೇ ಮುಖ್ಯ. ಪ್ರಜಾಪ್ರಭುತ್ವದ ವಿರುದ್ಧ ಸಾರ್ವಜನಿಕ ಭಾಷಣ ಮಾಡಲು ‘ಅವಕಾಶ ಕೊಡಬೇಕೆ?’ ಎಂದು ಕೇಳಿದಾಗ ಕೊಡಬಾರದೆಂದವರು ಶೇ. 62. ಅಂಥ ಭಾಷಣವನ್ನು ‘ನಿಷೇಧಿಸಬೇಕೆ?’ ಎಂದು ಕೇಳಿದಾಗ ಹೌದೆಂದವರು ಶೇ. 46 ಮಾತ್ರ. 1941ರಲ್ಲಿ ಡೊನಾಲ್ಡ್ ರಗ್ ಪ್ರಕಟಿಸಿದ ಈ ಹೋಲಿಕೆಯನ್ನು ಸಮೀಕ್ಷಾಶಾಸ್ತ್ರದ ವಿದ್ಯಾರ್ಥಿಗಳು ಇಂದಿಗೂ ಮೊದಲ ಪಾಠವಾಗಿ ಓದುತ್ತಾರೆ. ಅವಕಾಶ ಕೊಡದಿರುವುದೂ ನಿಷೇಧಿಸುವುದೂ ತರ್ಕದಲ್ಲಿ ಒಂದೇ, ಮನಸ್ಸಿನಲ್ಲಿ ಬೇರೆ. ಷಿಕಾಗೋ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವು 1972ರಿಂದ ನಡೆಸಿಕೊಂಡು ಬಂದಿರುವ ಸಾಮಾನ್ಯ ಸಾಮಾಜಿಕ ಸಮೀಕ್ಷೆಯಲ್ಲಿಯೂ ಇದೇ ವಿಚಿತ್ರ ಕಾಣುತ್ತದೆ. ಸರ್ಕಾರ ‘ವೆಲ್‌ಫೇರ್’ಗೆ ಮಾಡುವ ವೆಚ್ಚ ಸಾಲದು ಎನ್ನುವವರು ಅನೇಕ ವರ್ಷಗಳಲ್ಲಿ ನಾಲ್ಕನೆಯ ಒಂದು ಪಾಲಿನ ಆಸುಪಾಸು, ‘ಬಡವರಿಗೆ ನೆರವು’ ಸಾಲದು ಎನ್ನುವವರು ಮೂರನೆಯ ಎರಡು ಪಾಲಿನ ಆಸುಪಾಸು. ಬಡವನೂ ಅವನೇ, ಬೊಕ್ಕಸವೂ ಅದೇ. ನಯವಾದವನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ: ಪ್ರತಿಯೊಂದು ಪ್ರಶ್ನೆಯೂ ಒಂದು ನಯ, ಪ್ರತಿಯೊಂದು ಉತ್ತರವೂ ಆ ನಯಕ್ಕೆ ಸಾಪೇಕ್ಷ. ಹಾಗೆಂದು ಉತ್ತರಗಳೆಲ್ಲ ನಿರರ್ಥಕವೆಂದು ಕೈಬಿಡುವುದು ಅನೇಕಾಂತವಲ್ಲ, ಸೋಮಾರಿತನ. ಒಂದೇ ಪ್ರಶ್ನೆಯನ್ನು ಹೆಚ್ಚುಕಡಿಮೆ ಒಂದೇ ಮಾತಿನಲ್ಲಿ ಐವತ್ತು ಅರವತ್ತು ವರ್ಷ ಕೇಳುತ್ತ ಬಂದಾಗ ಉತ್ತರದ ಚಲನೆಯಿಂದ ತಿಳಿಯುವುದು ಬಹಳವಿದೆ.

ಅಧಃಪತನದ ಭಾಷಣಕಾರರು ಎಂದೂ ಓದಿ ಹೇಳದ ಅಂಕೆಯೊಂದಿದೆ. ಬಿಳಿಯರೂ ಕರಿಯರೂ ವಿವಾಹವಾಗುವುದನ್ನು ಒಪ್ಪುವಿರಾ ಎಂಬ ಗ್ಯಾಲಪ್ ಪ್ರಶ್ನೆಗೆ 1958ರಲ್ಲಿ ಹೌದೆಂದವರು ಶೇ. 4. 2021ರಲ್ಲಿ ಹೌದೆಂದವರು ಶೇ. 94. ಒಬ್ಬ ಮನುಷ್ಯನ ಜೀವಿತಾವಧಿಯೊಳಗೆ ಒಂದು ರಾಷ್ಟ್ರದ ಮಾತು ಇಷ್ಟು ಪೂರ್ಣವಾಗಿ ತಿರುಗಿದ ಉದಾಹರಣೆಗಳು ವಿರಳ. ಸಮವಸರಣದಲ್ಲಿ ಎಲ್ಲ ಜೀವಿಗಳಿಗೂ ಸ್ಥಾನವಿತ್ತೆಂದು ಹೆಮ್ಮೆಪಡುವವರು ಇದನ್ನು ಪತನವೆನ್ನಲಾರರು. ಗಾಂಜಾದ ಅಂಕೆಯನ್ನು ಹೇಳಿ ಇದನ್ನು ಮುಚ್ಚಿಡುವುದು ವ್ಯಾಖ್ಯಾನದ ಪ್ರಾಮಾಣಿಕತೆಯಲ್ಲ.

ಆದರೆ ಈ ತಿರುವು ಬಂದ ಬಗೆಯನ್ನು ನೋಡಿದಾಗ ಜನಾಭಿಪ್ರಾಯದ ಬಗೆಗಿನ ಭಕ್ತಿ ಬಹುಮಟ್ಟಿಗೆ ಕರಗುತ್ತದೆ. ಅಂತರ್ಜನಾಂಗೀಯ ವಿವಾಹವನ್ನು ನಿಷೇಧಿಸಿದ್ದ 16 ರಾಜ್ಯಗಳ ಕಾನೂನುಗಳನ್ನು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1967ರಲ್ಲಿ ರದ್ದುಪಡಿಸಿತು. ಮರುವರ್ಷ ಕೇಳಿದಾಗ ಅಂಥ ವಿವಾಹವನ್ನು ಒಪ್ಪಿದವರು ಶೇ. 20. 1991ರಲ್ಲಿಯೂ ಶೇ. 48. ನ್ಯಾಯಾಲಯದ ತೀರ್ಪಿನ ನಂತರ ಬಹುಮತದ ಬಾಯಿ ತಿರುಗಲು ಸುಮಾರು ಮೂವತ್ತು ವರ್ಷ ಹಿಡಿಯಿತು. 1997ರಲ್ಲಿ ಅದು ಶೇ. 64 ಆಯಿತು. ಸಮೀಕ್ಷೆಯನ್ನು ಧರ್ಮಾಸನದಲ್ಲಿ ಕುಳ್ಳಿರಿಸಿದ್ದರೆ ಆ ಮೂವತ್ತು ವರ್ಷ ಅನ್ಯಾಯವೇ ನ್ಯಾಯವಾಗಿರುತ್ತಿತ್ತು. 1966ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಬಗ್ಗೆ ಪ್ರತಿಕೂಲ ಅಭಿಪ್ರಾಯವಿದ್ದ ಅಮೆರಿಕನ್ನರು ಶೇ. 63. 2011ರಲ್ಲಿ ಅನುಕೂಲ ಅಭಿಪ್ರಾಯವಿದ್ದವರು ಶೇ. 94. ಕಿಂಗ್ 1968ರಲ್ಲಿಯೇ ಹತರಾಗಿದ್ದರು. ಅವರ ಮಾತಾಗಲಿ ನಡತೆಯಾಗಲಿ ಈ ನಡುವೆ ಬದಲಾಗುವಂತಿರಲಿಲ್ಲ. (ಶ್ರೀಮದ್ ರಾಜಚಂದ್ರರಿಂದ ಗಾಂಧೀಜಿಗೆ, ಗಾಂಧೀಜಿಯಿಂದ ಕಿಂಗ್ ಅವರಿಗೆ ಹರಿದ ಅಹಿಂಸೆಯ ಧಾರೆಯನ್ನು ಜೈನ ಪತ್ರಿಕೆಗಳು ಆಗಾಗ ನೆನಪಿಸುತ್ತವೆ. ಆ ಧಾರೆ ಅಮೆರಿಕದಲ್ಲಿ ಹರಿಯುತ್ತಿದ್ದಾಗ ಅದನ್ನು ಮೆಚ್ಚದವರೇ ಹೆಚ್ಚಿದ್ದರೆಂಬ ಸಂಗತಿಯನ್ನೂ ಜೊತೆಗೆ ನೆನೆಯಬೇಕು.)

ಇನ್ನೊಂದು ಸೂಕ್ಷ್ಮ. ಅಲಬಾಮಾ ರಾಜ್ಯದ ಸಂವಿಧಾನದಲ್ಲಿ ಸತ್ತ ಅಕ್ಷರವಾಗಿ ಉಳಿದಿದ್ದ ಆ ವಿವಾಹ ನಿಷೇಧವನ್ನು ತೆಗೆದುಹಾಕಲು 2000ನೆಯ ಇಸವಿಯಲ್ಲಿ ಜನಮತ ಸಂಗ್ರಹ ನಡೆಯಿತು. ನಿಷೇಧ ಹೋಯಿತು. ಆದರೆ ಗುಪ್ತ ಮತದಾನದಲ್ಲಿ ಅದು ಇರಲೆಂದು ಒತ್ತಿದವರು ಶೇ. 40ರಷ್ಟು! ಎದುರಿಗೆ ಕುಳಿತು ಪ್ರಶ್ನಿಸುವವನಿಗೆ ಕೊಡುವ ಉತ್ತರದಲ್ಲಿ ಲೋಕಲಜ್ಜೆಯ ಪಾಲೂ ಇರುತ್ತದೆ. ಲಜ್ಜೆಯೂ ಒಂದು ಗುಣವೇ. ಹೇಳಲು ನಾಚುವ ಕಾಲ ಬಂದರೆ ಮಾಡಲು ನಾಚುವ ಕಾಲ ದೂರವಿರಲಾರದು ಎಂಬ ಆಸೆಗೆ ಅಲ್ಲಿ ಎಡೆಯಿದೆ. ಈ ವಿಷಯದಲ್ಲಿ ಆಸೆ ಪೂರ್ತಿ ಹುಸಿಯಾಗಲಿಲ್ಲ: ಹೊಸದಾಗಿ ವಿವಾಹವಾದವರಲ್ಲಿ ಬೇರೆ ಜನಾಂಗದವರನ್ನು ವರಿಸಿದವರು 1967ರಲ್ಲಿ ಶೇ. 3, 2015ರಲ್ಲಿ ಶೇ. 17 ಎಂದು ವಾಷಿಂಗ್ಟನ್ನಿನ ಪ್ಯೂ ಸಂಶೋಧನಾ ಕೇಂದ್ರ ಲೆಕ್ಕ ಹಾಕಿದೆ. ಮಾತಿನ ಹಿಂದೆ, ತುಸು ಕುಂಟುತ್ತಲಾದರೂ, ನಡತೆ ಬಂದಿದೆ.

ಮನಸ್ಸು ಬದಲಾಯಿತು ಎನ್ನುವಾಗ ಯಾರ ಮನಸ್ಸು ಎಂದೂ ಕೇಳಬೇಕು. 1958ರಲ್ಲಿ ಉತ್ತರಿಸಿದವರಲ್ಲಿ ಬಹುಪಾಲು ಜನ 2021ರ ವೇಳೆಗೆ ಮಣ್ಣಾಗಿದ್ದರು. ಹಳೆಯ ತಲೆಮಾರು ಸರಿದು ಹೊಸದು ಬಂದುದರಿಂದಲೇ ಶೇಕಡಾ ಏರುವುದುಂಟು; ಅದರಲ್ಲಿ ಯಾವೊಬ್ಬ ಜೀವನ ಪರಿಣಾಮವೂ ಶುದ್ಧವಾಗಬೇಕಾಗಿಲ್ಲ. ಬದುಕಿದ್ದವರೇ ಬದಲಾದ ಉದಾಹರಣೆ ಸಲಿಂಗಿಗಳ ವಿವಾಹದ ಪ್ರಶ್ನೆಯಲ್ಲಿ ಸಿಗುತ್ತದೆ. ವಿರೋಧ ಬಿಟ್ಟು ಒಪ್ಪಿದವರನ್ನು 2013ರಲ್ಲಿ ಪ್ಯೂ ಕೇಂದ್ರವು ಕಾರಣ ಕೇಳಿತು. ಎಲ್ಲಕ್ಕಿಂತ ಹೆಚ್ಚಾಗಿ, ಶೇ. 32 ಮಂದಿ, ಹೇಳಿದ ಕಾರಣ ಒಂದೇ: ತಮಗೆ ಪರಿಚಿತರಾದ ಯಾರೋ ಒಬ್ಬರು, ನೆಂಟನೋ ಸ್ನೇಹಿತನೋ, ಅಂಥವರಾಗಿದ್ದರು. ಆ ವಿವಾಹದ ಬಗ್ಗೆ ಓದುಗರ ನಿಲುವು ಏನೇ ಇರಲಿ, ಈ ಕಾರಣವನ್ನು ಗಮನಿಸಬೇಕು. ಗ್ರಂಥ ಓದಿ ಬದಲಾದವರಿಗಿಂತ ಪರಿಚಯದಿಂದ ಬದಲಾದವರು ಹೆಚ್ಚು. ಪಕ್ಕದಲ್ಲಿ ಕುಳಿತು ಉಂಡವನನ್ನು ದ್ವೇಷಿಸುವುದು ಕಷ್ಟ.

ಅಧಃಪತನದ ಕಥೆಗೆ ಅಡ್ಡಬರುವ ಅಂಕೆಗಳು ಇನ್ನೂ ಇವೆ, ಅವನ್ನು ವಿಸ್ತರಿಸಬೇಕಾಗಿಲ್ಲ. 1954ರಲ್ಲಿ ಧೂಮಪಾನ ಮಾಡುತ್ತೇವೆಂದವರು ಶೇ. 45, 2024ರಲ್ಲಿ ಶೇ. 11. ಮದ್ಯ ಸೇವಿಸುತ್ತೇವೆಂದವರು 2025ರಲ್ಲಿ ಶೇ. 54, ಗ್ಯಾಲಪ್ ಈ ಪ್ರಶ್ನೆ ಕೇಳತೊಡಗಿದ 1939ರಿಂದೀಚೆಗೆ ಇದಕ್ಕಿಂತ ಕಡಿಮೆಯಾದುದಿಲ್ಲ. ಮದ್ಯತ್ಯಾಗವನ್ನು ಮೂಲಗುಣಗಳಲ್ಲಿ ಎಣಿಸುವ ಸಮಾಜದ ವೇದಿಕೆಯಲ್ಲಿ ಈ ಅಂಕೆಗೆ ಏಕೆ ಜಾಗವಿಲ್ಲ? ಕೊಲೆಗಾರರಿಗೆ ಮರಣದಂಡನೆ ಬೇಕೆಂದವರು 1966ರಲ್ಲಿ ಶೇ. 42, 1994ರಲ್ಲಿ ಶೇ. 80, 2023ರಲ್ಲಿ ಶೇ. 53: ತೂಗುಯ್ಯಾಲೆ ಎಂದಾದರೂ ಒಂದೇ ದಿಕ್ಕಿಗೆ ಹೋಗುತ್ತದೆಯೆ? ನಾಸ್ತಿಕನಾದ ಅಭ್ಯರ್ಥಿಗೆ ಅಧ್ಯಕ್ಷ ಪದವಿಗೆ ಮತ ಕೊಡಬಲ್ಲೆವೆಂದವರು 1958ರಲ್ಲಿ ಶೇ. 18, 2019ರಲ್ಲಿ ಶೇ. 60. ಸೃಷ್ಟಿಕರ್ತನನ್ನು ಒಪ್ಪದ ಕಾರಣಕ್ಕೆ ಶತಮಾನಗಳ ಕಾಲ ನಾಸ್ತಿಕರೆಂದು ಕರೆಸಿಕೊಂಡ ದರ್ಶನದವರು ಇದನ್ನು ಧರ್ಮನಾಶದ ಲಕ್ಷಣವೆಂದು ಓದುವುದರಲ್ಲಿ ಒಂದು ವಿನೋದವೂ ಇದೆ.

ಇನ್ನು ಎರಡನೆಯ ಭಾಷಣಕಾರರು, ಅಹಿಂಸೆ ಪಶ್ಚಿಮವನ್ನು ಗೆಲ್ಲುತ್ತಿದೆ ಎನ್ನುವವರು. ಇವರ ವಾದವು ಕೇಳಲು ಹಿತವಾಗಿರುವುದರಿಂದಲೇ ಹೆಚ್ಚು ಪರೀಕ್ಷೆಗೆ ಅರ್ಹವಾಗಿದೆ.

ಅವರ ಪರವಾಗಿ ಹೇಳಬಹುದಾದುದು ಅಲ್ಪವಲ್ಲ. ಔಷಧ ಸಂಶೋಧನೆಗಾಗಿ ಪ್ರಾಣಿಗಳ ಮೇಲೆ ಪ್ರಯೋಗ ನಡೆಸುವುದು ನೈತಿಕವಾಗಿ ಒಪ್ಪತಕ್ಕದ್ದೆಂದವರು 2001ರಲ್ಲಿ ಶೇ. 65, 2017ರಲ್ಲಿ ಶೇ. 51. ಪ್ರಾಣಿಗಳಿಗೆ ಯಾವ ರಕ್ಷಣೆಯೂ ಬೇಡವೆಂದವರು 2015ರಲ್ಲಿ ಶೇ. 3 ಮಾತ್ರ. ಸೆಂಟಿಯೆನ್ಸ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆ 2017ರಲ್ಲಿ ನಡೆಸಿದ ಸಮೀಕ್ಷೆಯಲ್ಲಂತೂ ಕಸಾಯಿಖಾನೆಗಳನ್ನೇ ನಿಷೇಧಿಸಬೇಕೆಂಬ ಮಾತನ್ನು ಶೇ. 47 ಮಂದಿ ಅನುಮೋದಿಸಿದರು. ನಂಬಲಾಗದೆ ಓಕ್ಲಹೋಮಾ ರಾಜ್ಯ ವಿಶ್ವವಿದ್ಯಾಲಯದ ವಿದ್ವಾಂಸರು ಅದೇ ಪ್ರಶ್ನೆಯನ್ನು ಮತ್ತೊಮ್ಮೆ ಕೇಳಿದರು. ಹೆಚ್ಚುಕಡಿಮೆ ಅದೇ ಉತ್ತರ ಬಂತು. ಇದನ್ನೆಲ್ಲ ಸಭೆಯಲ್ಲಿ ಓದಿದರೆ ಕಣ್ಣು ತೇವವಾಗದಿರುವುದು ಕಷ್ಟ.

ಆ ದೇಶದ ಊಟದ ತಟ್ಟೆಯನ್ನು ನೋಡಬೇಕು. ತಾವು ಸಸ್ಯಾಹಾರಿಗಳೆಂದು ಗ್ಯಾಲಪ್‌ಗೆ ಹೇಳಿದವರು 1999ರಲ್ಲಿ ಶೇ. 6, 2018ರಲ್ಲಿ ಶೇ. 5, 2023ರಲ್ಲಿ ಶೇ. 4. ಹಾಲುಮೊಟ್ಟೆಗಳನ್ನೂ ಬಿಟ್ಟವರು ಶೇ. 1. ಹೀಗೆ ಹೇಳಿಕೊಂಡವರ ಮಾತಿನಲ್ಲಿಯೂ ಸಡಿಲವಿದೆ: 1990ರ ದಶಕದ ನಡುವೆ ಸರ್ಕಾರವು ನಡೆಸಿದ ಆಹಾರ ಸಮೀಕ್ಷೆಯಲ್ಲಿ ತಮ್ಮನ್ನು ಸಸ್ಯಾಹಾರಿಗಳೆಂದು ಕರೆದುಕೊಂಡವರ ಪೈಕಿ ಸುಮಾರು ಮೂರನೆಯ ಎರಡು ಪಾಲು ಜನ, ವಿಚಾರಿಸಿದ ದಿನಗಳಲ್ಲಿ ಮಾಂಸವನ್ನೋ ಕೋಳಿಯನ್ನೋ ಮೀನನ್ನೋ ತಿಂದಿದ್ದರು. ದೇಶದ ಒಟ್ಟು ಲೆಕ್ಕವಂತೂ ಇನ್ನೂ ಸ್ಪಷ್ಟ. ಮಾಂಸ ಮತ್ತು ಕೋಳಿಮಾಂಸದ ತಲಾ ಲಭ್ಯತೆಯನ್ನು 2018ನೆಯ ವರ್ಷಕ್ಕೆ ಕೃಷಿ ಇಲಾಖೆ ಅಂದಾಜು ಮಾಡಿದ್ದು 222 ಪೌಂಡು, ಎಂದರೆ ನೂರು ಕಿಲೋಗ್ರಾಮಿಗೂ ಮೇಲೆ. ಅದುವರೆಗಿನ ಅತ್ಯಧಿಕ ಪ್ರಮಾಣ. ವರ್ಷಕ್ಕೆ ವಧೆಯಾಗುವ ಕೋಳಿಗಳು 900 ಕೋಟಿಗೂ ಮಿಗಿಲು. ವಧೆಯ ಮುನ್ನ ಪ್ರಾಣಿಗೆ ಪ್ರಜ್ಞೆ ತಪ್ಪಿಸಬೇಕೆಂಬ ದಯಾವಧಾ ಕಾನೂನು 1958ರಲ್ಲಿ ಬಂತು. ಅದರ ವ್ಯಾಪ್ತಿಯಲ್ಲಿ ಕೋಳಿ ಅಂದೂ ಸೇರಿರಲಿಲ್ಲ, ಇಂದಿಗೂ ಸೇರಿಲ್ಲ. ಶೇ. 4 ಇದ್ದ ವಿವಾಹದ ಉತ್ತರ ಶೇ. 94 ಆಗುವಷ್ಟು ಕಾಲ ಕಳೆದರೂ ಆ ಹಕ್ಕಿಯ ಪಾಲಿಗೆ ಒಂದು ವಾಕ್ಯವೂ ಸೇರ್ಪಡೆಯಾಗಲಿಲ್ಲ.

ಇಲ್ಲಿ ಜೈನಾಚಾರ್ಯರ ವಿಶ್ಲೇಷಣೆ ಸಮೀಕ್ಷಾಶಾಸ್ತ್ರಕ್ಕಿಂತ ಮುಂದಿದೆ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಆಸ್ರವದ ಆಧಾರಗಳನ್ನು 108 ಎಂದು ಎಣಿಸುವಾಗ ಮನ, ವಚನ, ಕಾಯ ಎಂಬ ಮೂರನ್ನೂ ಕೃತ, ಕಾರಿತ, ಅನುಮತ ಎಂಬ ಮೂರನ್ನೂ ಗುಣಿಸಿಕೊಳ್ಳುತ್ತದೆ. ತಾನು ಮಾಡಿದ್ದು, ಮತ್ತೊಬ್ಬನಿಂದ ಮಾಡಿಸಿದ್ದು, ಮಾಡಿದವನನ್ನು ಒಪ್ಪಿದ್ದು. ಅದೂ ಮನಸ್ಸಿನಿಂದ, ಮಾತಿನಿಂದ, ದೇಹದಿಂದ. ಜನಾಭಿಪ್ರಾಯ ಸಮೀಕ್ಷೆ ಅಳೆಯುವುದು ಈ ಒಂಬತ್ತರಲ್ಲಿ ಒಂದೇ ಒಂದು ಮನೆಯನ್ನು: ವಚನದ ಅನುಮತ. ಕಸಾಯಿಖಾನೆ ಬೇಡವೆಂದ ಆ ಶೇ. 47 ಮಂದಿ ಅದೊಂದು ಮನೆಯಲ್ಲಿ ನಿರ್ದೋಷಿಗಳು. ಅದೇ ಸಂಜೆ ಅಂಗಡಿಯಲ್ಲಿ ಕೋಳಿಯ ಪೊಟ್ಟಣಕ್ಕೆ ಹಣ ತೆತ್ತಾಗ ಕಾಯದ ಕಾರಿತದಲ್ಲಿ ಲೆಕ್ಕ ಬರೆಯಲ್ಪಡುತ್ತದೆ. ಆ ಸಮೀಕ್ಷೆಯಲ್ಲಿಯೇ ಶೇ. 75 ಮಂದಿ, ತಾವು ಸಾಮಾನ್ಯವಾಗಿ ಕೊಳ್ಳುವ ಪದಾರ್ಥಗಳು ದಯೆಯಿಂದ ಸಾಕಿದ ಪ್ರಾಣಿಗಳವೆಂದು ಹೇಳಿದ್ದರು. ಸಾಕುವ ಪ್ರಾಣಿಗಳಲ್ಲಿ ಶೇ. 99ರಷ್ಟು ಕಾರ್ಖಾನೆ ಮಾದರಿಯ ಫಾರಂಗಳಲ್ಲಿಯೇ ಇವೆಯೆಂಬುದು ಅದೇ ಸಂಸ್ಥೆಯ ಅಂದಾಜು! ಇದು ಸುಳ್ಳೂ ಅಲ್ಲ, ಕಪಟವೂ ಅಲ್ಲ; ನೋಡದಿರುವ ಇಚ್ಛೆ.

ನೋಡದಿರುವಂತೆ ಮಾಡುವ ವ್ಯವಸ್ಥೆಯೂ ಇದೆ. 1990ರಲ್ಲಿ ಕ್ಯಾನ್ಸಸ್, 2012ರಲ್ಲಿ ಐಯೋವಾ ರಾಜ್ಯಗಳು ಪ್ರಾಣಿ ಫಾರಂಗಳೊಳಗೆ ಗುಟ್ಟಾಗಿ ಹೋಗಿ ಚಿತ್ರ ತೆಗೆಯುವವರನ್ನು ಗುರಿಯಾಗಿಸಿ ಕಾನೂನು ತಂದವು. ಐಯೋವಾದ ಕಾನೂನನ್ನು ಫೆಡರಲ್ ನ್ಯಾಯಾಲಯವೊಂದು 2019ರಲ್ಲಿ ಅಸಿಂಧುಗೊಳಿಸಿದರೂ ಉದ್ಯಮದ ಭಯ ಏನೆಂಬುದು ಅದರಿಂದ ಬಯಲಾಯಿತು. ಪರಿಚಯವಾದರೆ ಮನಸ್ಸು ಬದಲಾಗುತ್ತದೆಂದು ಉದ್ಯಮಕ್ಕೆ ಗೊತ್ತು. ಕರಿಯ ಸಹಪಾಠಿ ಶಾಲೆಯಲ್ಲಿ ಪರಿಚಯವಾಗಬಲ್ಲ. ಪಂಜರದ ಕೋಳಿ ಯಾರಿಗೂ ಪರಿಚಯವಾಗುವುದಿಲ್ಲ.

ಆದರೂ ಮಾತು ಸಂಪೂರ್ಣ ನಿಷ್ಫಲವೆಂದು ಹೇಳಲಾಗದು. ಮೊಟ್ಟೆಯಿಡುವ ಕೋಳಿಯನ್ನು ರೆಕ್ಕೆ ಬಿಚ್ಚಲಾಗದ ಪಂಜರದಲ್ಲಿ ಇಡಬಾರದೆಂಬ ಪ್ರಸ್ತಾವವನ್ನು ಕ್ಯಾಲಿಫೋರ್ನಿಯಾದ ಮತದಾರರು 2008ರಲ್ಲಿ ಶೇ. 63ರ ಬಹುಮತದಿಂದ ಗೆಲ್ಲಿಸಿದರು. ಮ್ಯಾಸಚೂಸೆಟ್ಸ್ 2016ರಲ್ಲಿ ಶೇ. 77ಕ್ಕೂ ಮಿಕ್ಕಿ ಮತಗಳಿಂದ ಅಂಥದೇ ಕಾನೂನು ಮಾಡಿತು. 2018ರಲ್ಲಿ ಕ್ಯಾಲಿಫೋರ್ನಿಯಾ ಅದನ್ನು ಇನ್ನಷ್ಟು ಬಿಗಿಗೊಳಿಸಿತು. ಹಂದಿ ಸಾಕಣೆಯ ಉದ್ಯಮವು ಪ್ರಶ್ನಿಸಿದಾಗ ಸರ್ವೋಚ್ಚ ನ್ಯಾಯಾಲಯವು 2023ರಲ್ಲಿ ಆ ಕಾನೂನನ್ನು ಉಳಿಸಿತು. ಕುತೂಹಲದ ವಿಷಯವೆಂದರೆ, ಪಂಜರವಿಲ್ಲದೆ ಸಾಕಿದ ಕೋಳಿಯ ಮೊಟ್ಟೆ 2008ಕ್ಕೂ ಮುನ್ನವೇ ಅಂಗಡಿಗಳಲ್ಲಿ ದೊರೆಯುತ್ತಿತ್ತು. ಕೊಳ್ಳುವವರು ಅಲ್ಪಸಂಖ್ಯಾತರಾಗಿದ್ದರು. ಮತಗಟ್ಟೆಯಲ್ಲಿ ದಯೆ ತೋರಿದವರೇ ಅಂಗಡಿಯಲ್ಲಿ ಅಗ್ಗದ ಮೊಟ್ಟೆ ಆರಿಸುತ್ತಿದ್ದರು. ತನ್ನ ದೌರ್ಬಲ್ಯವನ್ನು ತಾನೇ ಬಲ್ಲ ಮನುಷ್ಯ, ತನ್ನ ಕೈ ಕಟ್ಟಿಹಾಕಲೆಂದು ಕಾನೂನನ್ನು ಬೇಡಿದಂತಿದೆ ಇದು. ಶ್ರಾವಕನು ವ್ರತ ಸ್ವೀಕರಿಸುವುದೂ ಇದೇ ಅರಿವಿನಿಂದ. ಅಮೆರಿಕದ ಸಮೀಕ್ಷೆಗಳಲ್ಲಿ ಜೈನರು ಸಂತೋಷಪಡಬಹುದಾದ ಸ್ಥಳವೊಂದಿದ್ದರೆ ಅದು ಇದೇ, ಶೇ. 32 ಅಲ್ಲ.

ಸಂತೋಷದ ಜೊತೆಗೆ ಎಚ್ಚರವೂ ಬೇಕು. ಆ ದೇಶದಲ್ಲಿ ನೆಲೆಸಿರುವ ಜೈನ ಕುಟುಂಬಗಳು, ಅವುಗಳಲ್ಲಿ ಕನ್ನಡನಾಡಿನಿಂದ ಹೋದವೂ ಸೇರಿ, ತಟ್ಟೆಯಲ್ಲಿ ಮಾಂಸವಿಲ್ಲವೆಂಬ ನೆಮ್ಮದಿಯಲ್ಲಿ ಇರುವುದುಂಟು. ಅದೇ ಅಂಗಡಿಯಿಂದ ಬರುವ ಹಾಲು, ತುಪ್ಪ, ಮೊಸರಿನ ಹಿಂದಿರುವ ಹಸು ಕೆಲವೇ ಕರುಗಳಾದ ಮೇಲೆ, ಸಹಜ ಆಯುಸ್ಸಿನ ಕಾಲು ಭಾಗವೂ ಮುಗಿಯುವ ಹೊತ್ತಿಗೆ, ವಧೆಗೆ ಹೋಗುತ್ತದೆ. ಗಂಡುಕರುವಿನ ಗತಿ ಅದಕ್ಕೂ ಮೊದಲೇ ನಿರ್ಣಯವಾಗಿರುತ್ತದೆ. ಕಾರಿತದ ಮನೆಯಲ್ಲಿ ಲೆಕ್ಕ ಬರೆಯುವ ಲೇಖನಿಯು ಹೆಸರು ನೋಡಿ ಬರೆಯುವುದಿಲ್ಲ.

ಅಮೆರಿಕನ್ನರನ್ನು ಪ್ರಶ್ನಿಸಿದ ಪ್ಯೂ ಕೇಂದ್ರ ಭಾರತಕ್ಕೂ ಬಂದಿತ್ತೆಂಬುದು ಭಾಷಣಕಾರರಲ್ಲಿ ಬಹಳ ಮಂದಿಗೆ ತಿಳಿದಂತಿಲ್ಲ. 2019ರ ಕೊನೆಯಿಂದ 2020ರ ಆರಂಭದವರೆಗೆ 17 ಭಾಷೆಗಳಲ್ಲಿ ಸುಮಾರು 30,000 ವಯಸ್ಕರನ್ನು ಮುಖತಃ ಕಂಡು, 2021ರಲ್ಲಿ ವರದಿಯನ್ನು ಪ್ರಕಟಿಸಿತು. ಅದರಲ್ಲಿ ಜೈನರೂ ಇದ್ದರು. ತಾವು ಸಸ್ಯಾಹಾರಿಗಳೆಂದ ಜೈನರು ಶೇ. 92. ಈ ಅಂಕೆ ಸಹಜವಾಗಿಯೇ ಸಮಾಜದ ಅಭಿಮಾನಕ್ಕೆ ವಿಷಯವಾಗಿದೆ. ಅದೇ ವರದಿಯ ಬೇರೊಂದು ಪುಟದಲ್ಲಿ, ಮುಸ್ಲಿಮರೊಬ್ಬರು ನೆರೆಮನೆಯವರಾಗಿ ಬರುವುದನ್ನು ತಾವು ಒಪ್ಪುವುದಿಲ್ಲವೆಂದ ಜೈನರು ಶೇ. 54. ತಮ್ಮ ಸಮುದಾಯದ ಹೆಣ್ಣುಮಕ್ಕಳು ಹೊರಗೆ ವಿವಾಹವಾಗುವುದನ್ನು ತಡೆಯುವುದು ಬಹಳ ಮುಖ್ಯವೆಂದವರು ಮೂರನೆಯ ಎರಡು ಪಾಲಿನಷ್ಟು. ವಿವಾಹದ ಪ್ರಶ್ನೆಯಲ್ಲಿ ಅಲ್ಪಸಂಖ್ಯಾತ ಸಮಾಜವೊಂದರ ಉಳಿವಿನ ಆತಂಕವಿದೆಯೆಂದು ವಾದಿಸಬಹುದು. 2011ರ ಜನಗಣತಿಯಂತೆ ಇಡೀ ದೇಶದಲ್ಲಿ ಜೈನರು 44.5 ಲಕ್ಷ, ಕರ್ನಾಟಕದಲ್ಲಿ 4.4 ಲಕ್ಷ, ಆತಂಕ ನಿರಾಧಾರವಲ್ಲ. ನೆರೆಮನೆಯ ಪ್ರಶ್ನೆಗೆ ಆ ಸಮಾಧಾನವೂ ಇಲ್ಲ. ಅಡುಗೆಯ ವಾಸನೆಯ ನೆಪ ಹೇಳುವವರಿದ್ದಾರೆ. ಮಾಂಸಾಹಾರಿಗಳಾದ ಇತರರ ವಿಷಯದಲ್ಲಿಯೂ ಅದೇ ಪ್ರಮಾಣದ ನಿರಾಕರಣೆ ಬಂದಿದ್ದರೆ ಆ ನೆಪಕ್ಕೆ ಬೆಲೆಯಿರುತ್ತಿತ್ತು. ಹಿಂದೂಗಳಲ್ಲಿ ಮಾಂಸ ತಿನ್ನುವವರೇ ಅಧಿಕ; ಆದರೂ ಹಿಂದೂ ನೆರೆಯವರನ್ನು ಬಹುತೇಕ ಜೈನರು ಒಪ್ಪುತ್ತಾರೆ.

1958ರ ಅಮೆರಿಕನ್ನನ ಬಾಯಿ ಶೇ. 4 ಎಂದಾಗ ಅದು ಅವನ ನಾಡಿನ ಕಳಂಕವೆಂದು ಇಂದು ಓದುವವರು, ತಮ್ಮ ಬಾಯಿ ಶೇ. 54 ಎಂದುದನ್ನು ಸಂಸ್ಕೃತಿಯ ರಕ್ಷಣೆಯೆಂದು ಓದುವುದಾದರೆ ಅನೇಕಾಂತವೆಂಬ ಶಬ್ದವನ್ನು ಕೆಲವು ಕಾಲ ಬಳಸದಿರುವುದು ಉಚಿತ. ತಟ್ಟೆ ಶುದ್ಧವಾಗಿ ಮಾತು ಹಿಂಸ್ರವಾಗಿರುವ ಸಮಾಜವೂ, ಮಾತು ಶುದ್ಧವಾಗಿ ತಟ್ಟೆ ಹಿಂಸ್ರವಾಗಿರುವ ಸಮಾಜವೂ ಒಂದಕ್ಕೊಂದು ಉಪದೇಶ ಮಾಡುವ ಸ್ಥಿತಿಯಲ್ಲಿಲ್ಲ. ಕಲಿಯುವ ಸ್ಥಿತಿಯಲ್ಲಿವೆ. ಅಮೆರಿಕನ್ನರಿಂದ ಕಲಿಯಬಹುದಾದುದು, ಜೊತೆಯಲ್ಲಿ ಕುಳಿತವನ ಬಗ್ಗೆ ಉತ್ತರ ಬದಲಾಗುತ್ತದೆಂಬುದು. ಹಾಗೆ ಬದಲಾಗಬೇಕಾದರೆ ಕುಳಿತುಕೊಳ್ಳಲು ಜಾಗ ಬೇಕು. ಬಾಡಿಗೆ ಮನೆ, ವಿದ್ಯಾರ್ಥಿನಿಲಯ, ಬಸದಿಯ ಅತಿಥಿಗೃಹ, ಇವುಗಳ ಬೀಗದ ಕೈ ಜೈನ ಕುಟುಂಬಗಳ ಮತ್ತು ಧರ್ಮದರ್ಶಿಗಳ ಕೈಯಲ್ಲಿಯೇ ಇದೆ.

ಈ ಅಂಕೆಗಳನ್ನು ಒಪ್ಪದವರು ಒಂದು ಆಕ್ಷೇಪವನ್ನು ಎತ್ತುವರು, ಮತ್ತು ಅದು ನ್ಯಾಯವಾದ ಆಕ್ಷೇಪ: ಆ 30,000 ಜನರಲ್ಲಿ ಜೈನರಿದ್ದುದು ಕೇವಲ 109. ಇಷ್ಟು ಕಡಿಮೆ ಮಂದಿಯ ಉತ್ತರದಿಂದ ನಿಖರವಾದ ಶೇಕಡಾ ಹೇಳಲಾಗದು. ಹತ್ತಿಪ್ಪತ್ತು ಜನರ ಮಾತು ಬೇರೆಯಾಗಿದ್ದರೆ ಚಿತ್ರವೇ ಬೇರೆಯಾಗುತ್ತಿತ್ತು. ಹಾಗಾದರೆ ಶೇ. 92 ಸಸ್ಯಾಹಾರಿಗಳೆಂಬ ಮಾತೂ ಅದೇ 109 ಮಂದಿಯದು. ಅದನ್ನು ಸ್ಮರಣಸಂಚಿಕೆಯ ಮೊದಲ ಪುಟದಲ್ಲಿ ಅಚ್ಚು ಹಾಕಿಸಿ ಇದನ್ನು ಅಲ್ಪಸಂಖ್ಯೆಯ ನೆಪದಿಂದ ತಳ್ಳಿಹಾಕುವಂತಿಲ್ಲ. ನಿಜವಾಗಿಯೂ ಸಂಶಯವಿರುವ ಧರ್ಮದರ್ಶಿ ಮಂಡಳಿಗಳ ಬಳಿ ತಮ್ಮ ಊರಿನ ಜೈನ ಕುಟುಂಬಗಳ ಪೂರ್ಣ ಪಟ್ಟಿಯಿದೆ, ವಂತಿಗೆಯ ಪುಸ್ತಕವಿದೆ, ಮನೆಮನೆಗೆ ಹೋಗಿ ಬರುವ ಯುವಕರಿದ್ದಾರೆ. ಉತ್ತರದ ಚೀಟಿಯಲ್ಲಿ ಹೆಸರು ಬರೆಯಬೇಕಾಗಿಲ್ಲ; ಮುಚ್ಚಿದ ಪೆಟ್ಟಿಗೆಯೊಂದು ಸಾಕು. ಅಲಬಾಮಾದ ಮತದಾನದಂತೆ ಗುಟ್ಟಾಗಿ ಕೇಳಿದರೆ ಮುಂದಿನ ಪರ್ವದ ಹೊತ್ತಿಗೆ ಎಣಿಕೆ ಮುಗಿಯುತ್ತದೆ.